ಪೆನ್ಸಿಲ್ ಹಿಡಿದ ಅಕ್ಕೋರು

ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಕೆಲಸ, ಮಾಡುತ್ತೇನೆ. ಹದಿನೆಂಟು ವರ್ಷವಾಯಿತು. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್, ಸಹಕಾರಿ ಸಂಘದ ವರದಿ, ನಡುನಡುವೆ ಪುಸ್ತಕ. ನಮ್ಮೂರಿಗೆ ಮುದ್ರಣ ಕಾಶಿ ಅಂತ ಹೆಸರು. ಸುತ್ತಲಿನ ಜಿಲ್ಲೆಗಳ ಕವಿಗಳು ನೋಟ್‌ಬುಕ್ಕು ಹಿಡಿದು ನಮ್ಮ ಓಣಿಗೆ ಬರುತ್ತಾರೆ. ಅವರ ಕವಿತೆಗಳನ್ನು ಟೈಪ್ ಮಾಡುತ್ತ ಮಾಡುತ್ತ ನಾನೂ ಕಥೆ ಬರೆಯತೊಡಗಿದೆ. ಪ್ರೆಸ್ಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಗೊತ್ತಿತ್ತು, ಆದರೆ ಯಾರೂ ಓದಿರಲಿಲ್ಲ. ಓದಿ ಅಂತ ನಾನೂ ಕೇಳಿರಲಿಲ್ಲ.

2010ರಲ್ಲಿ ಸಾಹಿತ್ಯ ಸಮ್ಮೇಳನ ನಮ್ಮ ಗದಗಿನಲ್ಲೇ ನಡೆಯಿತು. ಗೀತಾ ನಾಗಭೂಷಣ ಅವರು ಅಧ್ಯಕ್ಷರು. ಆಗ ಪ್ರೆಸ್ಸಿನಲ್ಲಿ ಕೆಲಸ ಎಷ್ಟಿತ್ತೆಂದರೆ ಒಂದು ತಾಸು ಹೋಗಿ ಬರಲೂ ಆಗಲಿಲ್ಲ. 2019ರಲ್ಲಿ ಧಾರವಾಡದಲ್ಲಿ ಆಯಿತು. ಆ ವಾರ ಮಗನಿಗೆ ಜ್ವರ. ಮುಂದೆ ಹಾವೇರಿ ಅಂದರು. ಅಷ್ಟರಲ್ಲಿ ಕೊರೋನಾ ಬಂತು. ದಿನಾಂಕ ಮುಂದೆ ಹೋಗುತ್ತ ಹೋಗುತ್ತ ಕೊನೆಗೆ 2023ರ ಜನವರಿ 6ರಿಂದ 8ರವರೆಗೆ ಅಂತ ಗಟ್ಟಿಯಾಯಿತು. ಈ ಸಲ ಏನೇ ಆಗಲಿ ಹೋಗಲೇಬೇಕು ಅಂತ ಮಾಲಕರಿಗೆ ತಿಂಗಳ ಮೊದಲೇ ಹೇಳಿಟ್ಟೆ. ಶನಿವಾರ ಒಂದು ದಿನ ರಜೆ ಸಿಕ್ಕಿತು.

ನಸುಕಿನಲ್ಲೇ ಎದ್ದು ಹುಬ್ಬಳ್ಳಿಗೆ ಬಂದು ಹಾವೇರಿ ಬಸ್ಸು ಹತ್ತಿದೆ. ಚೀಲದಲ್ಲಿ ನೀರಿನ ಬಾಟಲಿ, ಎರಡು ರೊಟ್ಟಿ, ಮತ್ತು ಒಂಬತ್ತು ಹಾಳೆ. ಹಳೆಯ ಪ್ರೂಫ್ ಕಾಗದದ ಹಿಂಬದಿಗೆ ಪ್ರಿಂಟ್ ತೆಗೆದುಕೊಂಡಿದ್ದ ನನ್ನದೊಂದು ಕಥೆ. ಯಾರಿಗೆ ತೋರಿಸುತ್ತೇನೆ, ಯಾಕೆ ಒಯ್ಯುತ್ತಿದ್ದೇನೆ, ಏನೂ ಗೊತ್ತಿರಲಿಲ್ಲ. ಸುಮ್ನೆ ಮಡಚಿ ಇಟ್ಟುಕೊಂಡಿದ್ದೆ.

ಅಜ್ಜಯ್ಯನ ಗುಡಿಯ ಎದುರಿನ ಬಯಲು ತುಂಬ ಜನ. ಮುಖ್ಯ ವೇದಿಕೆಗೆ ಕನಕ, ಷರೀಫ, ಸರ್ವಜ್ಞ ಈ ಮೂವರ ಹೆಸರು. ಮೂವರೂ ಇದೇ ಜಿಲ್ಲೆಯ ಮಣ್ಣಿನವರು ಅಲ್ವಾ? ಅಧ್ಯಕ್ಷರಾದ ದೊಡ್ಡರಂಗೇಗೌಡರನ್ನು ದೂರದಿಂದಲೇ ನೋಡಿದೆ. ಒಂದು ಗೋಷ್ಠಿಯಲ್ಲಿ ಅರ್ಧ ತಾಸು ಕುಳಿತೆ. ಹಿಂದೆ ಮುಂದೆ ಜನ ಎದ್ದು ಓಡಾಡುತ್ತಿದ್ದರು, ಮಾತು ಸರಿಯಾಗಿ ಕೇಳಿಸಲಿಲ್ಲ. ಎದ್ದು ಪುಸ್ತಕ ಮಳಿಗೆಗಳ ಕಡೆ ನಡೆದೆ.

ಏಳೆಂಟು ಮಳಿಗೆ ದಾಟಿರಬೇಕು. ಒಂದು ಮೇಜಿನ ಮೇಲೆ ನಾನೇ ಟೈಪ್ ಮಾಡಿದ ಕವನ ಸಂಕಲನ ಕಂಡಿತು. ಎದೆ ಧಸಕ್ಕೆಂದಿತು. ಕೈಗೆತ್ತಿಕೊಂಡು ಸೀದಾ 43ನೇ ಪುಟ ತೆಗೆದೆ. ಅಲ್ಲಿ 'ಅಕ್ಕರೆ' ಅನ್ನುವ ಪದದಲ್ಲಿ ಒತ್ತು ಬಿಟ್ಟುಹೋಗಿದೆ. ಕವಿ ಎರಡು ಸಲ ಪ್ರೂಫ್ ನೋಡಿದ್ದರು, ನಾನು ಮೂರು ಸಲ ನೋಡಿದ್ದೆ. ಪುಸ್ತಕ ಬೈಂಡಾಗಿ ಬಂದ ದಿನ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಹಾವೇರಿಗೆ ಬಂದರೂ ಅದು ಅಲ್ಲೇ ಇತ್ತು.

"ಎಲ್ಲಾರೂ ಬೆನ್ನುಡಿ ನೋಡ್ತಾರ. ನೀವು ಸೀದಾ ನಡುವಿನ ಪುಟಕ್ಕ ಹೋದ್ರೆಲ್ಲ, ಯಾಕ್ರೀ?"

ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದರು. ಐವತ್ತರ ಹತ್ತಿರದ ವಯಸ್ಸು, ಇಳಕಲ್ ಸೀರೆ, ಹೆಗಲಿಗೆ ಬಟ್ಟೆ ಚೀಲ. ನಾನು ಏನೂ ಮುಚ್ಚಿಡದೆ ಹೇಳಿಬಿಟ್ಟೆ. ಇದನ್ನು ಟೈಪ್ ಮಾಡಿದವಳು ನಾನು, ಇಲ್ಲೊಂದು ತಪ್ಪು ಉಳಿದುಬಿಟ್ಟಿದೆ ರೀ ಅಂದೆ. ಅವರು ಪುಸ್ತಕ ಇಸಿದುಕೊಂಡು ಆ ಪದ ನೋಡಿದರು. ಆಮೇಲೆ ಚೀಲದಿಂದ ಪೆನ್ಸಿಲ್ ತೆಗೆದರು. "ಇದನ್ನ ನಾನ ತಗೋತೀನಿ" ಅಂತ ಮಳಿಗೆಯವರಿಗೆ ದುಡ್ಡು ಕೊಟ್ಟು, ಅಲ್ಲೇ ಮೇಜಿನ ಮೇಲೆ ಬಗ್ಗಿ ಬಿಟ್ಟುಹೋಗಿದ್ದ ಒತ್ತನ್ನು ಬರೆದರು. "ಒಂದು ಪ್ರತಿ ಸರಿ ಆತಲ್ಲ, ಬಿಡ್ರಿ."

ಹಿರೇಕೆರೂರು ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಅವರು ಕನ್ನಡ ಕಲಿಸುತ್ತಾರೆ. ಅಂದಿನಿಂದ ನನಗೆ ಅವರು ಅಕ್ಕೋರು.

ಊಟದ ಸಾಲಿಗೆ ಒಟ್ಟಿಗೇ ನಿಂತೆವು. ಆ ಸಾಲು ಮುಗಿಯುವ ಲಕ್ಷಣವೇ ಇರಲಿಲ್ಲ. ಬಿಸಿಲು ಏರಿತ್ತು. ನಮ್ಮ ಮುಂದೆ ಧೋತರ ಉಟ್ಟ ನಿವೃತ್ತ ಮಾಸ್ತರು, ಹಿಂದೆ ಶಿಗ್ಗಾವಿ ಕಡೆಯ ಇಪ್ಪತ್ನಾಲ್ಕರ ಹುಡುಗ. ಹೀಗೆ ನಾಲ್ಕು ಜನ ಒಂದು ತಾಸು ಸಾಲಿನಲ್ಲಿ ನಿಂತರೆ ಮಾತು ತಾನಾಗಿಯೇ ಹುಟ್ಟುತ್ತದೆ. ಮನೆಗೆ ಕರೆದು ಕೂರಿಸಿ ಮಾತನಾಡಿಸಿದ್ದರೂ ಅಷ್ಟು ಮಾತು ಬರುತ್ತಿರಲಿಲ್ಲ.

ಮಾಸ್ತರು ಕಾದಂಬರಿಕಾರ ಗಳಗನಾಥರ ಸುದ್ದಿ ತೆಗೆದರು. ಗಳಗನಾಥ ಅನ್ನುವ ಊರು ಇರುವುದು ಇದೇ ಹಾವೇರಿ ತಾಲೂಕಿನಲ್ಲಿ, ವರದಾ ನದಿ ತುಂಗಭದ್ರೆಗೆ ಸೇರುವಲ್ಲಿ. ಆ ಊರಿನ ಹೆಸರಿನಲ್ಲೇ ಕಾದಂಬರಿ ಬರೆದವರು ವೆಂಕಟೇಶ ತಿರಕೋ ಕುಲಕರ್ಣಿಯವರು. ಅಗಡಿಯ ಆನಂದವನದಲ್ಲಿದ್ದು ಸದ್ಬೋಧ ಚಂದ್ರಿಕೆ ಪತ್ರಿಕೆ ನಡೆಸಿದವರು. "ಪುಸ್ತಕದ ಗಂಟು ಹೊತ್ಕೊಂಡು ಊರೂರು ನಡಕೋತ ಹೋಗಿ ಮಾರ್ತಿದ್ರು. ಓದೋರನ್ನ ತಾವ ಹುಡುಕ್ಕೊಂಡು ಹೋಗ್ತಿದ್ರು. ನಮಗ ಇಲ್ಲಿ ಒಂದ ಬಯಲಾಗ ಎಲ್ಲಾರೂ ಸಿಗ್ತಾರ" ಅಂದರು. ಅಂಗಿಯ ಜೇಬಿನಿಂದ ಒಂದು ಸಣ್ಣ ಡೈರಿ ತೆಗೆದು ತೋರಿಸಿದರು. ಯಾವ ಸಮ್ಮೇಳನದಲ್ಲಿ ಯಾರು ಸಿಕ್ಕರು, ಯಾವ ಊರು, ಏನು ಬರೆಯುತ್ತಾರೆ, ಎಲ್ಲ ಅದರಲ್ಲಿತ್ತು. ಕೆಲವು ಹೆಸರಿನ ಮುಂದೆ ಸಣ್ಣದೊಂದು ಗುರುತು. ಈಗ ಇಲ್ಲದವರು ಅಂದರು.

ಊಟ ಮುಗಿಸಿ ಒಂದು ಮರದ ನೆರಳು ಹಿಡಿದು ಕುಳಿತೆವು. ಹುಡುಗ ಮೊದಲ ಕವನ ಸಂಕಲನ ತರುವ ತಯಾರಿಯಲ್ಲಿದ್ದ. ಯಾರೋ ಒಬ್ಬರು ಅವನಿಂದ ಮುಂಗಡ ದುಡ್ಡು ಕೇಳಿದ್ದರು. ಐಎಸ್‌ಬಿಎನ್ ಸಂಖ್ಯೆಗೆ, ಅಂದರೆ ಪುಸ್ತಕದ ಗುರುತಿನ ನಂಬರಿಗೆ, ಬೇರೆ ಫೀ ಅಂದಿದ್ದರು. ಇದು ನನ್ನ ಕೆಲಸಕ್ಕೆ ಹತ್ತಿದ ಮಾತು. ನನಗೆ ಸುಮ್ಮನಿರಲು ಆಗಲಿಲ್ಲ.

"ತಮ್ಮಾ, ಐಎಸ್‌ಬಿಎನ್‌ಗೆ ರೊಕ್ಕಾ ಇಲ್ಲ. ದಿಲ್ಲಿ ಒಳಗ ಸರಕಾರದ್ದ ಏಜೆನ್ಸಿ ಐತಿ, ಆನ್‌ಲೈನ್‌ದಾಗ ಅರ್ಜಿ ಹಾಕಬೇಕು. ಪುಕ್ಕಟ ಕೊಡ್ತಾರ."

ಅವನು ನನ್ನ ಮುಖವನ್ನೇ ನೋಡಿದ. ಎಷ್ಟು ಪುಟ ಅಂತ ಕೇಳಿದೆ. ಎಪ್ಪತ್ತು ಅಂದ. ಡೆಮಿ ಅಷ್ಟಮ ಅನ್ನುವ ಪುಸ್ತಕದ ಅಳತೆಯಲ್ಲಿ ಒಂದು ಫಾರಂ, ಅಂದರೆ ಅಚ್ಚಿನ ಒಂದು ಕಂತು, ಹದಿನಾರು ಪುಟ. ಎಪ್ಪತ್ತು ಪುಟವಾದರೆ ನಾಲ್ಕು ಫಾರಂ ಮುಗಿದು ಮೇಲೆ ಆರು ಪುಟ ಉಳಿಯುತ್ತದೆ, ಆ ಆರಕ್ಕಾಗಿ ಇನ್ನೊಂದು ಫಾರಮ್ಮಿನ ಖರ್ಚು ಬೀಳುತ್ತದೆ. ಆರು ಪುಟ ಕಡಿಮೆ ಮಾಡು, ಇಲ್ಲವೇ ಎಂಬತ್ತು ತುಂಬಿಸು ಅಂದೆ. ಅಷ್ಟರಲ್ಲಿ ಮಾಸ್ತರು ಅವನ ವಯಸ್ಸು ಕೇಳಿದರು. ಹದಿನೆಂಟರಿಂದ ಮೂವತ್ತೈದರ ಒಳಗಿನವರ ಚೊಚ್ಚಲ ಪುಸ್ತಕಕ್ಕೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತದೆ, ಹಸ್ತಪ್ರತಿ ಕಳಿಸಬೇಕು ಅಂತ ಅವರು ತಿಳಿಸಿ ಹೇಳಿದರು. ಆ ಹುಡುಗನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವನ ಊರಲ್ಲಿ ಹೇಳುವವರೇ ಇರಲಿಲ್ಲ. ಮಾಹಿತಿ ಎಲ್ಲೋ ಇರುತ್ತದೆ ನಿಜ. ಆದರೆ ಏನನ್ನು ಹುಡುಕಬೇಕು ಅನ್ನುವುದನ್ನಾದರೂ ಯಾರಾದರೂ ಹೇಳಬೇಕಲ್ಲ. ಅವನು ಮೊಬೈಲಿನಲ್ಲಿ ಎಲ್ಲ ಬರೆದುಕೊಂಡ. ಹೋಗುವಾಗ ನಮ್ಮ ಮೂವರ ಕಾಲಿಗೂ ನಮಸ್ಕಾರ ಮಾಡಿದ. ನನ್ನ ಕಣ್ಣು ಒದ್ದೆಯಾಯಿತು. ಅಷ್ಟು ವರ್ಷ ಪ್ರೆಸ್ಸಿನಲ್ಲಿ ಕುಳಿತು ಕಲಿತದ್ದು ಒಬ್ಬರಿಗೆ ಹೀಗೆ ಆಸರೆಯಾಗಬಹುದು ಅಂತ ನಾನು ಎಣಿಸಿರಲಿಲ್ಲ.

ಮಾಸ್ತರೂ ಎದ್ದು ಹೋದ ಮೇಲೆ ಅಕ್ಕೋರು ಕೇಳಿದರು. "ಎಲ್ಲಾರದೂ ಟೈಪ್ ಮಾಡ್ತೀರಿ. ನೀವು ಏನ್ ಬರೀತೀರಿ?"

ಬರೆಯುತ್ತೀರಾ ಅಂತ ಕೇಳಲಿಲ್ಲ, ನೋಡಿ. ಏನು ಬರೆಯುತ್ತೀರಿ ಅಂತ ಕೇಳಿದರು. ನಾನು ಚೀಲದಿಂದ ಆ ಒಂಬತ್ತು ಹಾಳೆ ತೆಗೆದುಕೊಟ್ಟೆ.

ಅವರು ಕನ್ನಡಕ ಏರಿಸಿಕೊಂಡು ಓದತೊಡಗಿದರು. ಮೈಕಿನಲ್ಲಿ ಯಾರದೋ ಭಾಷಣ, ಆಚೆ ಹಲಗೆಯ ಸದ್ದು, ಕಳೆದುಹೋದ ಮಗುವಿನ ಹೆಸರು ಕೂಗುತ್ತಿದ್ದರು. ನನಗೆ ಕೇಳಿಸುತ್ತಿದ್ದದ್ದು ಅವರು ಹಾಳೆ ತಿರುಗಿಸುವ ಸದ್ದು ಮಾತ್ರ. ಬೆಟಗೇರಿಯ ನೇಕಾರರ ಮನೆಯ ಕಥೆ ಅದು. ನಾನು ಹುಟ್ಟಿದ ಓಣಿಯದು. ನಡುವೆ ಒಂದು ಕಡೆ ನಕ್ಕರು. ಎಲ್ಲಿ ನಕ್ಕರು ಅಂತ ಇಣುಕಿ ನೋಡುವ ಧೈರ್ಯ ಆಗಲಿಲ್ಲ. ಕೊನೆಯ ಹಾಳೆ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದರು. ಪೆನ್ಸಿಲ್ ತೆಗೆದು ಎರಡನೇ ಹಾಳೆಯ ನಡುವೆ ಒಂದು ಅಡ್ಡಗೆರೆ ಎಳೆದರು.

"ಇದರ ಮ್ಯಾಲಿಂದೆಲ್ಲ ತಗೀರಿ. ಓಣಿ ಹೆಂಗಿತ್ತು, ಮಗ್ಗ ಹೆಂಗಿತ್ತು ಅಂತ ಒಂದೂವರೆ ಹಾಳಿ ಹೇಳೀರಿ. ಸೊಸಿ ಮಗ್ಗದಿಂದ ಎದ್ದು ಹೋಗಿ ಬಾಗಲಾ ಹಾಕ್ಕೋತಾಳಲ್ಲ, ನಿಮ್ಮ ಕಥಿ ಅಲ್ಲಿ ಸುರು ಆಗತೈತಿ."

ನಾನು ಏನೂ ಮಾತಾಡಲಿಲ್ಲ. ಆ ಒಂದೂವರೆ ಹಾಳೆ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗಿತ್ತು.

"ಮಕ್ಕಳ ನೋಟ್‌ಬುಕ್ಕಿಗೆ ಕೆಂಪು ಪೆನ್ನು ಹಿಡೀತೀನಿ. ನಿಮಗ ಪೆನ್ಸಿಲ್. ಬ್ಯಾಡ ಅನಸಿದ್ರ ಅಳಸಿಬಿಡ್ರಿ" ಅಂದರು. ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಕೊನೆಯ ಹಾಳೆಯ ಕೆಳಗೆ ತಮ್ಮ ಹೆಸರು, ಶಾಲೆಯ ವಿಳಾಸ, ಪಿನ್‌ಕೋಡ್ ಸಹಿತ ಬರೆದುಕೊಟ್ಟರು.

ಹಿಂದಿರುಗುವಾಗ ಬಸ್ಸಿನಲ್ಲಿ ಸಂಕಟವಾಯಿತು. ಸುಳ್ಳು ಹೇಳಲಾರೆ, ಸ್ವಲ್ಪ ಸಿಟ್ಟೂ ಬಂದಿತ್ತು. ಹುಬ್ಬಳ್ಳಿ ಬರುವ ಹೊತ್ತಿಗೆ ದೀಪದ ಬೆಳಕಿನಲ್ಲಿ ಹಾಳೆ ತೆಗೆದು ಗೆರೆಯ ಕೆಳಗಿನಿಂದ ಓದಿದೆ. ಇನ್ನೊಮ್ಮೆ ಓದಿದೆ. ಅವರು ಹೇಳಿದ್ದು ಖರೆ ಇತ್ತು. ಸೊಸೆ ಎದ್ದು ಬಾಗಿಲು ಹಾಕಿಕೊಂಡ ಕೂಡಲೇ ಓಣಿ, ಮಗ್ಗ, ಅತ್ತೆಯ ಮಾತು ಎಲ್ಲ ತಾವಾಗಿಯೇ ಬರುತ್ತಿದ್ದವು. ನಾನು ಮೊದಲೇ ಹೇಳಿ ಕೆಡಿಸಿದ್ದೆ.

ಮುಂದಿನ ವಾರ ತಿದ್ದಿದ ಪ್ರತಿಯನ್ನು ಅಂಚೆಗೆ ಹಾಕಿದೆ. ಹತ್ತು ದಿನಕ್ಕೆ ವಾಪಸ್ ಬಂತು, ಪೆನ್ಸಿಲ್ ಗೆರೆಗಳೊಂದಿಗೆ. ಜೊತೆಗೆ ಅವರ ಆರು ಕವಿತೆ. ನನ್ನ ಮಾತೂ ಅವರಿಗೆ ಬೇಕಿತ್ತು! ಆಗಿನಿಂದ ಇದು ನಿಂತಿಲ್ಲ. ಕಳೆದ ವರ್ಷ ಮಾವನವರನ್ನು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಇಟ್ಟಿದ್ದಾಗ ಅಕ್ಕೋರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದು ಇಡೀ ದಿನ ನನ್ನ ಜೊತೆ ಕುಳಿತರು. ಶಿಗ್ಗಾವಿಯ ಹುಡುಗ ಹಸ್ತಪ್ರತಿ ಕಳಿಸಿದ್ದಾನೆ. ಪದ್ಯ ಕಡಿಮೆ ಮಾಡಿ ಅರವತ್ನಾಲ್ಕು ಪುಟಕ್ಕೆ ತಂದಿದ್ದಾನೆ.

ಧಾರವಾಡಕ್ಕೆ ಹೋದಾಗಲೆಲ್ಲ ನನಗೆ ಬೇಂದ್ರೆಯವರ ಗೆಳೆಯರ ಗುಂಪು ನೆನಪಾಗುತ್ತದೆ. ಸವಣೂರಿನಿಂದ ಕಾಲೇಜಿಗೆ ಬಂದ ಗೋಕಾಕರು ಅಲ್ಲಿ ಬೇಂದ್ರೆಯವರಿಗೆ ಸಿಕ್ಕರು. ಶಂಬಾ ಜೋಶಿ, ರಂ.ಶ್ರೀ. ಮುಗಳಿ, ಬೆಟಗೇರಿ ಕೃಷ್ಣಶರ್ಮರು ಎಲ್ಲರೂ ಒಬ್ಬರ ಬರಹ ಇನ್ನೊಬ್ಬರಿಗೆ ಕೇಳಿಸುವಷ್ಟು ಹತ್ತಿರ ಇದ್ದರು. ಅವರು ದೊಡ್ಡವರು, ಹೋಲಿಸಲು ನಾನು ಹೋಗುವುದಿಲ್ಲ. ಆದರೆ ಅವರಿಗೆ ಬೇಕಾಗಿದ್ದ ಆ ಇನ್ನೊಂದು ಜೊತೆ ಕಿವಿ ನಮಗೂ ಬೇಕು.

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಮ್ಮೇಳನ. ಈ ಸಲ ಮೂರೂ ದಿನ ರಜೆ ಕೇಳಿದೆ. ಮಾಲಕರು ಯಾಕೆ ಅಂತ ಕೇಳಿದಾಗ, ನಾನು ಕಥೆ ಬರೀತೀನ್ರಿ ಅಂತ ಮೊದಲ ಸಲ ಹೇಳಿದೆ. ಹುಬ್ಬಳ್ಳಿಯಲ್ಲಿ ರಾತ್ರಿ ರೈಲು ಹತ್ತಿದೆ. ರಾಣೆಬೆನ್ನೂರಿನಲ್ಲಿ ಅಕ್ಕೋರು ಹತ್ತಿದರು. ಅದೇ ಬಟ್ಟೆ ಚೀಲ. ಸೀಟಿನ ಕೆಳಗೆ ಅದನ್ನು ತಳ್ಳಿ, ಶಾಲು ಹೊದ್ದು ಕುಳಿತು, ರೈಲು ಹೊರಡುವ ಮೊದಲೇ ಕೈ ಚಾಚಿದರು.

"ತಂದೀರಿಲ್ಲೋ?"