ನಿಮಿಷ ಎಣಿಸುತ್ತಿದ್ದ ಗೆಳೆಯ

ಕಾಲೇಜು ಅಂದ ತಕ್ಷಣ ನನ್ನ ಕಣ್ಣ ಮುಂದೆ ಬರುವುದು ಹಾಸ್ಟೆಲಿನ ಟಿವಿ ರೂಮು. ಅಲ್ಲಿ ಮೂಲೆಯ ಕುರ್ಚಿಯಲ್ಲಿ ಕೂತು, ಎಡಗಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡಿರುತ್ತಿದ್ದ ನನ್ನ ರೂಮ್‌ಮೇಟ್. ಅವನ ಹೆಸರು ಬರೆಯುವುದಿಲ್ಲ, ಅವನಿಗೆ ಇಷ್ಟವಾಗಲ್ಲ. ನಮ್ಮ ಬ್ಯಾಚಿನವರಿಗೆ ಗೊತ್ತಾಗುತ್ತೆ ಬಿಡಿ.

ಅವನು ನಮ್ಮ ಫುಟ್‌ಬಾಲ್ ಟೀಮಿನ ರೈಟ್ ಬ್ಯಾಕ್, ಅಂದರೆ ಬಲಗಡೆಯ ಡಿಫೆಂಡರ್. ಎರಡನೇ ವರ್ಷ ಒಂದು ಟೂರ್ನಮೆಂಟಿನಲ್ಲಿ ಮೂರು ದಿನಕ್ಕೆ ನಾಲ್ಕು ಮ್ಯಾಚ್ ಆಡಿದ. ನಾಲ್ಕನೇದಕ್ಕೆ ಹೋಗುವಾಗಲೇ ಕಾಲು ಎಳೀತಾ ಇದೆ ಅಂತಿದ್ದ, ಆದರೂ ಇಳಿದ. ಯಾರೂ ತಳ್ಳದೆ, ಸುಮ್ನೆ ತಿರುಗುವಾಗ ಮೊಣಕಾಲು ಹೋಯಿತು. ಲಿಗಮೆಂಟ್. ಆಪರೇಷನ್ ಆಯಿತು, ನಡೆಯುವುದಕ್ಕೇನೂ ತೊಂದರೆ ಇಲ್ಲ, ಆದರೆ ಮತ್ತೆ ಆಡಲಿಲ್ಲ.

2023ರ ಏಪ್ರಿಲ್ 29ರಂದು ಸ್ಪೇನಿನ ಬಾರ್ಸಿಲೋನಾ ಕ್ಲಬ್ಬಿನ ಕೋಚ್ ಶಾವಿ, ಬೆಟಿಸ್ ವಿರುದ್ಧದ ಪಂದ್ಯದ 83ನೇ ನಿಮಿಷದಲ್ಲಿ ಗಾವಿಯನ್ನು ಹೊರಗೆ ಕರೆದು ಲಾಮಿನ್ ಯಮಾಲ್‌ನನ್ನು ಇಳಿಸಿದರು. ವಯಸ್ಸು 15. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದ ಹುಡುಗ. ನಾವೆಲ್ಲ ಹೋ ಅಂತ ಕೂಗುತ್ತಿದ್ದರೆ ನನ್ನ ಗೆಳೆಯ ಮೆತ್ತಗೆ, 'ಇವನನ್ನ ಆಡಿಸಿ ಆಡಿಸಿ ಹಾಳು ಮಾಡದೇ ಇದ್ದರೆ ಸಾಕು' ಅಂದ. ಮುಂದಿನ ಸೀಸನ್ ಶುರುವಾದಾಗ ನೋಟ್‌ಬುಕ್ ಬಂತು. ತಾರೀಖು, ಎದುರಾಳಿ, ಎಷ್ಟು ನಿಮಿಷ ಆಡಿದ. ಗೋಲಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಅವನ ಹೆದರಿಕೆಗೆ ಕಾರಣ ಇತ್ತು. ಅದೇ ಕ್ಲಬ್ಬಿನ ಆನ್ಸು ಫಾತಿ 2019ರಲ್ಲಿ 16ನೇ ವಯಸ್ಸಿಗೇ ಗೋಲು ಹೊಡೆದು ಎಲ್ಲರ ಬಾಯಲ್ಲೂ ಇದ್ದ. 2020ರ ನವೆಂಬರಿನಲ್ಲಿ ಎಡ ಮೊಣಕಾಲಿಗೆ ಪೆಟ್ಟು ಬಿತ್ತು, ಒಂದಾದ ಮೇಲೊಂದು ಆಪರೇಷನ್. ಮೆಸ್ಸಿ ಬಿಟ್ಟುಹೋದ 10ನೇ ನಂಬರಿನ ಜೆರ್ಸಿ ಅವನಿಗೇ ಸಿಕ್ಕಿತು, ಆದರೆ ಮೊದಲಿನ ಆ ವೇಗ ಮತ್ತೆ ಕಾಣಲಿಲ್ಲ. ಅದೇ ಕ್ಲಬ್ಬಿನ ಪೆದ್ರಿಯದೂ ಹಾಗೇ. 2020-21ರಲ್ಲಿ ಕ್ಲಬ್, ಯೂರೋಪಿನ ದೇಶಗಳ ಟೂರ್ನಿ ಯೂರೋ, ಟೋಕಿಯೋ ಒಲಿಂಪಿಕ್ಸ್ ಅಂತ 70ಕ್ಕೂ ಜಾಸ್ತಿ ಪಂದ್ಯ ಆಡಿದ, ಆಮೇಲೆ ತೊಡೆಯ ಸ್ನಾಯುವಿನ ನೋವು ಕೆಲವು ವರ್ಷ ಅವನನ್ನು ಬಿಡಲಿಲ್ಲ. ನಮ್ಮ ಕಾಲೇಜಿನ ಆಟೋಟ ನೋಡಿಕೊಳ್ಳುತ್ತಿದ್ದ ಪಿ.ಡಿ. ಸರ್ ಒಂದು ಸಂಜೆ ಗ್ರೌಂಡಿನಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಹದಿನಾರಕ್ಕೆ ಮೂಳೆ ಇನ್ನೂ ಬೆಳೀತಾ ಇರುತ್ತೆ, ಬೆಳೆಯುವ ಆ ತುದಿಯ ಭಾಗ ಮೆದು, ಸ್ನಾಯು ಎಳೆದಾಗ ಪೆಟ್ಟು ಬೀಳುವುದು ಅಲ್ಲೇ. ದೊಡ್ಡವರ ಜೊತೆ ಓಡುವ ಶಕ್ತಿ ಬಂದುಬಿಟ್ಟಿರುತ್ತೆ, ಆದರೆ ದಣಿದ ಮೈ ಸರಿಹೋಗುವುದಕ್ಕೆ ದಿನ ಬೇಕು, ಆ ದಿನ ಯಾರೂ ಕೊಡುವುದಿಲ್ಲ, ಅಂದರು. ಆಗ ಗೆಳೆಯ ತಲೆ ಎತ್ತಲಿಲ್ಲ. ಶೂ ಲೇಸ್ ಬಿಚ್ಚಿ ಕಟ್ಟುತ್ತಾ ಕೂತಿದ್ದ.

2023-24ರ ಸೀಸನ್ನಿನಲ್ಲಿ ಯಮಾಲ್ ಕ್ಲಬ್ಬಿಗೆ 50 ಪಂದ್ಯ ಆಡಿದ. ಸೆಪ್ಟೆಂಬರಿನಲ್ಲಿ ಜಾರ್ಜಿಯಾ ವಿರುದ್ಧ ಸ್ಪೇನ್ ಪರ ಮೊದಲ ಪಂದ್ಯ, ಅದರಲ್ಲೇ ಗೋಲು. ಗೋಲು ಹೊಡೆದಾಗಲೆಲ್ಲ ಬೆರಳುಗಳಲ್ಲಿ 304 ಅಂತ ತೋರಿಸುತ್ತಿದ್ದ. ಮತಾರೋ ಊರಿನಲ್ಲಿ ಅವನು ಬೆಳೆದ ರೊಕಾಫೋಂಡಾ ಬಡಾವಣೆಯ ಪಿನ್‌ಕೋಡು 08304, ಅದರ ಕೊನೆಯ ಮೂರು ಅಂಕಿ. ಅಪ್ಪ ಮೊರಾಕ್ಕೋದವರು, ಅಮ್ಮ ಈಕ್ವಟೋರಿಯಲ್ ಗಿನಿಯವರು. ಬೇರೆ ಬೇರೆ ದೇಶಗಳಿಂದ ಬಂದು ನೆಲೆಸಿದವರೇ ಹೆಚ್ಚಿರುವ ಕೇರಿ ಅದು. ಆ ಕೈಸನ್ನೆ ನನಗೆ ಎಲ್ಲ ಗೋಲಿಗಿಂತ ಇಷ್ಟ.

2024ರ ಜೂನ್-ಜುಲೈನಲ್ಲಿ ಜರ್ಮನಿಯಲ್ಲಿ ಯೂರೋ. ನಮಗದು ಹಾಸ್ಟೆಲಿನ ಕೊನೆಯ ದಿನಗಳು, ಪರೀಕ್ಷೆಯ ಓದು ಬೇರೆ. ಯಮಾಲ್ ಕೂಡ ಶಾಲೆಯ ಹೋಂವರ್ಕ್ ಹೊತ್ತುಕೊಂಡೇ ಟೀಮಿನ ಜೊತೆ ಹೋಗಿದ್ದ, ಟೂರ್ನಿಯ ನಡುವೆಯೇ ಪಾಸಾದ ಸುದ್ದಿ ಬಂತು. ಅವತ್ತು ನಮ್ಮ ರೂಮಿನಲ್ಲಿ ಆದ ಖುಷಿ, ನಮ್ಮದೇ ತಮ್ಮ ಪಾಸಾದ ಹಾಗೆ.

ಜುಲೈ 9ರ ಸೆಮಿಫೈನಲ್, ನಮಗೆ ಮಧ್ಯರಾತ್ರಿ 12:30. ಫ್ರಾನ್ಸ್ ಬೇಗನೇ ಒಂದು ಗೋಲು ಹೊಡೆದಿತ್ತು. ಫೈನಲ್ ಆಡಬೇಕಾದರೆ ಈ ಹುಡುಗ ಇನ್ನೂ ಜಾಸ್ತಿ ಮಾಡಿ ತೋರಿಸಬೇಕು ಅಂತ ಪಂದ್ಯಕ್ಕೆ ಮುಂಚೆ ಹೇಳಿದ್ದ ಫ್ರಾನ್ಸಿನ ಆಟಗಾರ ರಾಬಿಯೋನೇ 21ನೇ ನಿಮಿಷದಲ್ಲಿ ಎದುರು ನಿಂತಿದ್ದ. ಯಮಾಲ್ ಚೆಂಡನ್ನು ಒಂದು ಸಲ ಆ ಕಡೆ ಸರಿಸಿದ, ಮತ್ತೆ ಈ ಕಡೆ ಎಳೆದ, ರಾಬಿಯೋನ ಕಾಲು ಒಂದು ಹೆಜ್ಜೆ ತಡವಾಯಿತು, ಅಷ್ಟರಲ್ಲಿ ಎಡಗಾಲಿನಿಂದ ಹೊರಟ ಚೆಂಡು ಬಾಗುತ್ತಾ ಬಾಗುತ್ತಾ ಹೋಗಿ ಆಚೆ ಕಂಬದ ಒಳಮೈಗೆ ಬಡಿದು ಬಲೆಗೆ ಬಿತ್ತು. ಟಿವಿ ರೂಮಿನಲ್ಲಿ ಒಂದು ಕ್ಷಣ ಯಾರಿಗೂ ದನಿಯೇ ಹೊರಡಲಿಲ್ಲ. ಆಮೇಲೆ ವಾರ್ಡನ್ ಎದ್ದು ಬರುವಷ್ಟು ಗಲಾಟೆ. ಯೂರೋ ಇತಿಹಾಸದಲ್ಲೇ ಗೋಲು ಹೊಡೆದವರಲ್ಲಿ ಎಲ್ಲರಿಗಿಂತ ಚಿಕ್ಕವನು ಅಂತ ಕಾಮೆಂಟೇಟರ್ ಕೂಗುತ್ತಿದ್ದ. ನಾನು ಮೂಲೆಗೆ ತಿರುಗಿ ನೋಡಿದರೆ ಗೆಳೆಯ ಕುರ್ಚಿಯಿಂದ ಎದ್ದು ಎರಡೂ ಕಾಲ ಮೇಲೆ ನಿಂತಿದ್ದ, ನೋಟ್‌ಬುಕ್ ಕೆಳಗೆ ಬಿದ್ದಿತ್ತು. ಅವನ ಕಣ್ಣು ತುಂಬಿತ್ತು.

ಜುಲೈ 13ಕ್ಕೆ ಯಮಾಲ್‌ಗೆ 17 ತುಂಬಿತು. ಮಾರನೇ ದಿನ ಬರ್ಲಿನ್ ಫೈನಲ್. ಇಂಗ್ಲೆಂಡ್ ವಿರುದ್ಧ ನಿಕೊ ವಿಲಿಯಮ್ಸ್ ಹೊಡೆದ ಮೊದಲ ಗೋಲಿಗೆ ಪಾಸ್ ಕೊಟ್ಟವನು ಇವನೇ. ಸ್ಪೇನ್ 2-1ರಿಂದ ಗೆದ್ದಿತು. ಅದಾದ ಮೇಲೆ ನಾವು ರೂಮು ಖಾಲಿ ಮಾಡಿ ಊರಿಗೆ ಹೊರಟೆವು. ನೋಟ್‌ಬುಕ್ಕನ್ನು ಗೆಳೆಯ ಬಟ್ಟೆಗಳ ಮಧ್ಯೆ ಇಟ್ಟುಕೊಂಡ.

ಆ ತಿಂಗಳ ಕೊನೆಗೆ ಪ್ಯಾರಿಸ್ ಒಲಿಂಪಿಕ್ಸ್ ಶುರುವಾಯಿತು. ಸ್ಪೇನ್ ತಂಡದಲ್ಲಿ ಯಮಾಲ್ ಇರಲಿಲ್ಲ. ಮೊದಲ ಪಂದ್ಯದ ದಿನ ಗೆಳೆಯನಿಂದ ಮೆಸೇಜು ಬಂತು: 'ನೋಡಿದ್ಯಾ, ಇವನನ್ನ ಕರ್ಕೊಂಡು ಹೋಗಿಲ್ಲ. ಎಲ್ಲೋ ಆರಾಮಾಗಿ ನಿದ್ದೆ ಮಾಡ್ತಿರಬೇಕು. ಮಾಡ್ಲಿ.'