ಅವೆಲೇಡ ತೋಟದ ಡ್ರೈ ವೈಟು, ಮತ್ತೆ ಬ್ಲೆಂಡ್ ಅಂದ್ರೆ ಮೂಗು ಮುರಿಯೋರ ಬಗ್ಗೆ ನನ್ನ ತಕರಾರು

ವೈನ್ ಬಗ್ಗೆ ಸ್ವಲ್ಪ ಓದ್ಕೊಂಡ ಜನಕ್ಕೆ ಒಂದು ಚಾಳಿ ಇರತ್ತೆ. ಒಂದೇ ತಳಿ ದ್ರಾಕ್ಷಿಯಿಂದ ಮಾಡಿದ್ರೆ ಅದು ಅಸಲಿ ಮಾಲು, ಎರಡ್ಮೂರು ತಳಿ ಬೆರೆಸಿದ್ರೆ ಅದೇನೋ ಉಳಿದಿದ್ದನ್ನೆಲ್ಲ ಸುರಿದು ಮುಗಿಸಿದ್ದು ಅನ್ನೋ ಥರ ಮಾತಾಡ್ತಾರೆ. ಕೇಳಿದ್ರೆ ಮೈ ಉರಿಯತ್ತೆ ನಂಗೆ. ಅದರಲ್ಲೂ ಪೋರ್ಚುಗಲ್ಲಿನ ಬಿಳಿ ವೈನಿನ ಮುಂದೆ ಈ ಮಾತು ನಿಲ್ಲೋದೇ ಇಲ್ಲ, ಯಾಕಂದ್ರೆ ಅಲ್ಲಿ ಬೆರೆಸೋದೇ ಹಳೇ ಪದ್ಧತಿ, ತಳಿ ಹೆಸರನ್ನ ಲೇಬಲ್ ಮೇಲೆ ದೊಡ್ಡದಾಗಿ ಹಾಕೋದು ಈಚೆಗೆ ಬಂದ ಫ್ಯಾಷನ್ನು.

ಅವೆಲೇಡ ತೋಟಾನೇ ತಗೊಳ್ಳಿ. ಪೋರ್ಟೋದ ಸಾವೊ ಬೆಂಟೊ ಸ್ಟೇಷನ್ನಲ್ಲಿ ಲೋಕಲ್ ಟ್ರೈನ್ ಹತ್ತಿ ಪೆನಾಫಿಯೆಲ್‌ನಲ್ಲಿ ಇಳಿದು, ಅಲ್ಲಿಂದ ಟ್ಯಾಕ್ಸಿ ಹಿಡಿದ್ರೆ ಆಯ್ತು. ಗೆಡಿಶ್ ಅನ್ನೋ ಮನೆತನದ್ದು, ತಲೆಮಾರುಗಳಿಂದ ಅವರ ಕೈಯಲ್ಲೇ ಇದೆ. ಗೇಟ್ ದಾಟಿದ್ರೆ ಮೊದಲು ಸಿಗೋದು ದ್ರಾಕ್ಷಿ ಅಲ್ಲ, ಕಾಡಿನ ಥರ ಬೆಳೆದಿರೋ ಹಳೇ ಗಾರ್ಡನ್ನು, ಕಮೀಲಿಯಾ ಗಿಡಗಳು, ಪಾಚಿ ಹತ್ತಿದ ಕಲ್ಲುಗಳು, ಮತ್ತೆ ಮೇಕೆಗಳಿಗೆ ಅಂತಾನೇ ಕಟ್ಟಿಸಿರೋ ಒಂದು ಗೋಪುರ. ಹೌದು, ಮೇಕೆಗಳಿಗೆ. ಅವು ಆರಾಮಾಗಿ ಮೇಲೆ ಹತ್ತಿ ನಿಂತು ಬಂದೋರನ್ನ ನೋಡ್ತಿರ್ತವೆ, ನಾವು ವೈನ್ ನೋಡಕ್ಕೆ ಬಂದಿದೀವಿ ಅನ್ನೋದು ಆ ಹತ್ತು ನಿಮಿಷ ಮರೆತೇ ಹೋಗತ್ತೆ.

ಇದು ವಿನ್ಯೊ ವೆರ್ದೆ ಸೀಮೆ, ಇಲ್ಲಿನ ವೈನಿಗೂ ಅದೇ ಹೆಸರು. 1908ರಲ್ಲೇ ಇದರ ಗಡಿ ಗುರುತು ಮಾಡಿದ್ರು, ಈಗ ಒಳಗೆ 9 ಉಪವಲಯಗಳಿವೆ, ಅವೆಲೇಡ ಇರೋದು ಸೋಸ ಅನ್ನೋದ್ರಲ್ಲಿ. ದೇಶದ ವಾಯವ್ಯ ಮೂಲೆ, ಅಟ್ಲಾಂಟಿಕ್ ಗಾಳಿ ಸೀದಾ ಒಳಗೆ ನುಗ್ಗತ್ತೆ, ಮಳೆ ವರ್ಷಕ್ಕೆ 1200 ಮಿ.ಮೀ. ದಾಟೋ ಜಾಗಗಳು ಬೇಕಾದಷ್ಟು, ಕೆಳಗೆ ಗ್ರಾನೈಟ್ ಕಲ್ಲು ಪುಡಿಯಾಗಿ ಆದ ಹುಳಿ ಮಣ್ಣು. ಪೋರ್ಚುಗಲ್ ಅಂದ್ರೆ ಒಣ ಗುಡ್ಡ, ಸುಡೋ ಬಿಸಿಲು ಅಂದ್ಕೊಂಡು ಬಂದೋರು ಇಲ್ಲಿ ಹಸಿರು ನೋಡಿ ಬೆಪ್ಪಾಗ್ತಾರೆ. ಈ ತಂಪಿನಿಂದ್ಲೇ ದ್ರಾಕ್ಷಿಯ ಹುಳಿ ಹಣ್ಣಾದ ಮೇಲೂ ಉಳಿಯತ್ತೆ, ಸಕ್ಕರೆ ಜಾಸ್ತಿ ಏರಲ್ಲ, ಹಾಗಾಗಿ ವೈನ್ ಹಗುರ. ತೊಂದರೇನೂ ಅದ್ರಿಂದ್ಲೇ, ಇಷ್ಟು ತೇವ ಇದ್ರೆ ಬಳ್ಳಿಗೆ ಬೂಷ್ಟು ರೋಗ ಗ್ಯಾರಂಟಿ.

ಅದಕ್ಕೆ ಹಳಬರು ಏನು ಮಾಡ್ತಿದ್ರು ಅಂದ್ರೆ ಬಳ್ಳಿನ ನೆಲದಲ್ಲಿ ಬಿಡ್ತಾನೇ ಇರ್ಲಿಲ್ಲ, ಹೊಲದ ಅಂಚಿನ ಮರಗಳಿಗೆ ಹಬ್ಬಿಸಿಬಿಡ್ತಿದ್ರು, ನಮ್ಮ ಅಡಿಕೆ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸ್ತೀವಲ್ಲ ಥೇಟ್ ಹಾಗೇ. ಏಣಿ ಹಾಕಿ ಕೊಯ್ಲು. ಇಲ್ಲಾಂದ್ರೆ ಗ್ರಾನೈಟ್ ಕಂಬ ನೆಟ್ಟು ಎತ್ತರದ ಚಪ್ಪರ, ಅದನ್ನ ರಮಾದ ಅಂತಾರೆ. ಗಾಳಿ ಆಡತ್ತೆ, ಗೊಂಚಲು ಒಣಗಿರತ್ತೆ, ಕೆಳಗಿನ ಜಾಗದಲ್ಲಿ ಜೋಳ, ಕೋಸು ಬೆಳ್ಕೋಬಹುದು. ಆ ಕಡೆ ಹಿಡುವಳಿಗಳು ಪಾಲಾಗಿ ಪಾಲಾಗಿ ಅಂಗೈ ಅಗಲ ಆಗಿರೋದ್ರಿಂದ ಒಂದಿಂಚೂ ದಂಡ ಮಾಡೋ ಹಾಗಿರ್ಲಿಲ್ಲ. ಆದ್ರೆ ಎತ್ತರದ ಬಳ್ಳಿಯಲ್ಲಿ ಎಲೆ ಜಾಸ್ತಿ, ನೆರಳು ಜಾಸ್ತಿ, ಹಣ್ಣು ಸರಿಯಾಗಿ ಮಾಗಲ್ಲ, ಹಲ್ಲು ಜುಂ ಅನ್ನೋಷ್ಟು ಹುಳಿ ಬರ್ತಿತ್ತು. ಈಗ ದೊಡ್ಡ ತೋಟಗಳಲ್ಲಿ ಎಲ್ಲ ತಂತಿ ಕಟ್ಟಿದ ಸಾಲು, ಟ್ರಾಕ್ಟರ್ ಓಡಾಡತ್ತೆ. ಚಪ್ಪರ ನೋಡೋಕೆ ಚಂದ ನಿಜ, ಆದ್ರೆ ಕುಡಿಯೋನಿಗೆ ಸಾಲೇ ವಾಸಿ.

ಇನ್ನು ಬೆರಕೆ ವಿಷಯ. ಇಲ್ಲಿನ ಬಿಳಿ ತಳಿಗಳಿಗೆ ಒಂದೊಂದಕ್ಕೆ ಒಂದೊಂದು ಗುಣ, ಒಂದೊಂದು ಐಬು. ಲೌರೈರೊ ಮೂಗಿಗೆ ಹಬ್ಬ, ಹೂವು, ನಿಂಬೆ ಸಿಪ್ಪೆ, ಪಲಾವ್ ಎಲೆ ಎಲ್ಲ ಸಿಗತ್ತೆ, ಆದ್ರೆ ಒಂಟಿಯಾಗಿ ಬಿಟ್ರೆ ಕೆಲವು ವರ್ಷ ಬಾಯಲ್ಲಿ ತೆಳು. ಅಲ್ವರಿನ್ಯೊ ಉಲ್ಟಾ. ಚಿಕ್ಕ ಹಣ್ಣು, ದಪ್ಪ ಸಿಪ್ಪೆ, ರಸ ಕಮ್ಮಿ, ಆದ್ರೆ ಬಂದಷ್ಟರಲ್ಲಿ ತೂಕ ಇರತ್ತೆ, ಆಲ್ಕೋಹಾಲೂ ಜಾಸ್ತಿ. ಸ್ಪೇನ್ ಗಡಿಯ ಮೊಂಸಾಂವ್, ಮೆಲ್ಗಾಸು ಕಡೆಯೋರು ಇದು ನಮ್ಮದೇ ಅಂತ ಬಹಳ ಕಾಲ ಗಟ್ಟಿಯಾಗಿ ಹಿಡ್ಕೊಂಡಿದ್ರು. ಅರಿಂತೊ ಬೆನ್ನುಮೂಳೆ ಥರ ಹುಳಿ ಕೊಡತ್ತೆ. ತ್ರಜದೂರದಲ್ಲಿ ಹುಳಿ ಕಮ್ಮಿ, ಬಾಯಿಗೆ ಮೆತ್ತಗೆ, ಬೇರೆಯವರ ಜಗಳ ಬಿಡಿಸೋ ಸ್ವಭಾವ. ಅಜಾಲ್ ಬಗ್ಗೆ ಕೇಳ್ಬೇಡಿ, ಬರೀ ಹುಳಿ.

ಅವೆಲೇಡದಲ್ಲಿ ಲೌರೈರೊ ಅಲ್ವರಿನ್ಯೊ ಸೇರಿಸಿದ ಡ್ರೈ, ಅಂದ್ರೆ ಸಿಹಿ ಇಲ್ಲದ, ಬಾಟಲಿ ಇದೆ, ನನ್ನ ಮಟ್ಟಿಗೆ ಇಡೀ ವಾದ ಅಲ್ಲೇ ಇತ್ಯರ್ಥ. ಗ್ಲಾಸ್ ಮೂಗಿನ ಹತ್ರ ತಂದಾಗ ಬರೋದೆಲ್ಲ ಲೌರೈರೊ, ಹಸಿ ನಿಂಬೆ, ಬಿಳಿ ಹೂವು. ಒಂದು ಗುಟುಕು ತಗೊಂಡ ಮೇಲೆ ನಾಲಿಗೆ ನಡುವೆ ಏನೋ ದುಂಡಗೆ ಬಂದು ಕೂರತ್ತೆ, ಪೀಚ್ ಹಣ್ಣಿನ ಥರ, ಅದು ಅಲ್ವರಿನ್ಯೊ. ನುಂಗಿದ ಮೇಲೆ ಸಿಹಿ ಏನೂ ಉಳಿಯಲ್ಲ, ದವಡೆ ಪಕ್ಕ ನೀರೂರತ್ತೆ, ಇನ್ನೊಂದು ಗುಟುಕು ಬೇಕು ಅನ್ಸತ್ತೆ. ಇಂಥದ್ದು ಕಣ್ಮುಚ್ಚಿ ಸುರಿದ್ರೆ ಆಗಲ್ಲ ಸ್ವಾಮಿ. ತಳಿಗಳು ಒಟ್ಟಿಗೆ ಮಾಗಲ್ಲ, ಬೇರೆ ಬೇರೆ ದಿನ ಕೊಯ್ದು, ಬೇರೆ ಬೇರೆ ಸ್ಟೀಲ್ ಟ್ಯಾಂಕಲ್ಲಿ ಪರಿಮಳ ಹಾರಿಹೋಗದ ಹಾಗೆ ತಣ್ಣಗೆ ಹುದುಗಿಸಿ, ಆಮೇಲೆ ಅಳತೆ ಜಾಡಿ ಇಟ್ಕೊಂಡು ಇದಿಷ್ಟು ಅದಿಷ್ಟು ಅಂತ ರುಚಿ ನೋಡಿ ನೋಡಿ ಸೇರಿಸೋ ಕೆಲಸ ಅದು. ಒಂದೇ ತಳಿ ವೈನಲ್ಲಿ ಆ ವರ್ಷದ ಮಳೆ ಕೈಕೊಟ್ರೆ ತಪ್ಪಿಸ್ಕೊಳ್ಳೋ ದಾರಿ ಕಮ್ಮಿ, ಇಲ್ಲಿ ಪ್ರಮಾಣ ಬದಲಾಯಿಸಬಹುದು.

ಅಂದ ಹಾಗೆ ಬುರುಗು. ವಿನ್ಯೊ ವೆರ್ದೆ ಅಂದ್ರೆ ಗುಳ್ಳೆ ಗುಳ್ಳೆ, ಸ್ವಲ್ಪ ಸಿಹಿ, ಅಗ್ಗದ್ದು ಅನ್ನೋ ಹೆಸರು ಬಂದಿರೋದಕ್ಕೆ ಒಂದು ಕಾರಣ ಕಸಾಲ್ ಗಾರ್ಸಿಯಾ ಅನ್ನೋ ಬ್ರ್ಯಾಂಡು, 1939ರಿಂದ ಬರ್ತಿದೆ, ಲೇಸ್ ಬಟ್ಟೆಯಂಥ ನೀಲಿ ಲೇಬಲ್ಲು, ತಮಾಷೆ ಅಂದ್ರೆ ಅದೂ ಇದೇ ಅವೆಲೇಡದವರದ್ದೇ! ಹಿಂದೆಲ್ಲ ಆ ಗುಳ್ಳೆ ತಾನಾಗೇ ಬರ್ತಿತ್ತು, ಬಾಟಲಿ ಒಳಗೆ ಬ್ಯಾಕ್ಟೀರಿಯಾ ಚೂಪು ಮ್ಯಾಲಿಕ್ ಆಮ್ಲನ ಮೆತ್ತನೆ ಲ್ಯಾಕ್ಟಿಕ್ ಆಮ್ಲ ಮಾಡೋವಾಗ ಗ್ಯಾಸ್ ಬಿಡತ್ತಲ್ಲ, ಅದು. ಈಗ ಸಾಮಾನ್ಯವಾಗಿ ಬಾಟಲಿ ತುಂಬೋವಾಗ ಕಾರ್ಬನ್ ಡೈಆಕ್ಸೈಡ್ ಸೇರಿಸ್ತಾರೆ. ನಂಗೇನೂ ದ್ವೇಷ ಇಲ್ಲ, ಸೆಕೆ ದಿನ ಚೆನ್ನಾಗೇ ಇಳಿಯತ್ತೆ, ಆದ್ರೆ ಗುಳ್ಳೆ ಮತ್ತೆ ಸಕ್ಕರೆ ಇದ್ರೆ ಹಿಂದಿನ ವೈನ್ ಹೇಗಿದೆ ಅಂತ ಗೊತ್ತಾಗೋದು ಕಷ್ಟ. ಡ್ರೈ ಬ್ಲೆಂಡಿಗೆ ಆ ಮರೆ ಇಲ್ಲ.

ತಗೊಳ್ಳೋರು ಬಾಟಲಿ ಮೇಲಿನ ವರ್ಷ ನೋಡ್ಕೊಳ್ಳಿ, ಈ ಥರದ್ದು ಒಂದೆರಡು ವರ್ಷದೊಳಗೆ ಕುಡಿದ್ರೇ ಚೆಂದ, ಎತ್ತಿಟ್ಟು ಹಳೇದು ಮಾಡೋ ಆಸೆ ಇದ್ರೆ ಒಳ್ಳೇ ಅಲ್ವರಿನ್ಯೊ ತಗೊಳ್ಳಿ. ಎಂಟ್ಹತ್ತು ಡಿಗ್ರಿಗೆ ತಣ್ಣಗಿದ್ರೆ ಸಾಕು, ಮಂಜುಗಡ್ಡೆ ಥರ ಮಾಡಿದ್ರೆ ಲೌರೈರೊದ ಘಮ ಸತ್ತೇ ಹೋಗತ್ತೆ. ಪೋರ್ಟೋ ಪಕ್ಕದ ಮಾಟೊಸಿನ್ಯೋಶ್‌ನಲ್ಲಿ ರಸ್ತೆ ಬದೀಲೇ ಕೆಂಡದ ಮೇಲೆ ಸಾರ್ಡೀನ್ ಸುಡ್ತಾರೆ, ಕಲ್ಲುಪ್ಪು ಹಾಕಿ, ಎಣ್ಣೆ ತೊಟ್ಟಿಕ್ತಿರತ್ತೆ. ಅದರ ಜೊತೆ ಡ್ರೈದೇ ಕೇಳಿ.