ಕೊಡಗಿನ ಬಚ್ಚಲಲ್ಲಿ ಗೀಸರ್: ಥರ್ಮೋಸ್ಟಾಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಮಳೆ ಹಿಡಿದ ಮೇಲೆ ಮಡಿಕೇರಿ, ನಾಪೋಕ್ಲು, ಭಾಗಮಂಡಲ ಕಡೆ ಮಾಡಿನ ಮೇಲಿನ ಸೋಲಾರ್ ಲೆಕ್ಕಕ್ಕಿಲ್ಲ. ಸೌದೆ ತೇವ ಹಿಡಿದರೆ ಹಂಡೆ ಒಲೆಯಲ್ಲಿ ಬೆಂಕಿಗಿಂತ ಹೊಗೆಯೇ ಹೆಚ್ಚು. ಆಗ ಮನೆಮಂದಿಗೆಲ್ಲ ಬಿಸಿನೀರು ಗೀಸರಿನದ್ದೇ. ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮುಗಿಯುವವರೆಗೆ ಅದರ ಸ್ವಿಚ್ ಆರಿಸುವ ಅಭ್ಯಾಸವೂ ಹಲವು ಮನೆಗಳಲ್ಲಿ ಇಲ್ಲ. ಯಾಕೆ ಎಂದರೆ, "ಆಟೋಮ್ಯಾಟಿಕ್ ಅಲ್ವಾ, ಅದೇ ಆಫ್ ಆಗ್ತದೆ" ಎನ್ನುತ್ತಾರೆ.

ಆಫ್ ಆಗುತ್ತದೆ, ನಿಜ. ಆದರೆ ಆಫ್ ಮಾಡುವ ಥರ್ಮೋಸ್ಟಾಟ್ ನೀರಿನ ಬಿಸಿಯನ್ನು ಹದದಲ್ಲಿಡುವ ಭಾಗ ಮಾತ್ರ. ಮನುಷ್ಯರನ್ನು ಕಾಪಾಡುವ ಭಾಗಗಳು ಬೇರೆ ಇವೆ: ಥರ್ಮಲ್ ಕಟ್‌ಔಟ್, ಸೇಫ್ಟಿ ವಾಲ್ವ್, ಅರ್ಥಿಂಗ್, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಟ್ಟನೆ ಕಡಿಯುವ ಸ್ವಿಚ್). ಥರ್ಮೋಸ್ಟಾಟ್ ಕೆಟ್ಟ ದಿನ ಈ ನಾಲ್ಕೂ ಸರಿಯಿರಬೇಕು. ಅಂಗಡಿಯಲ್ಲಿ ಲೀಟರು, ಸ್ಟಾರು, ಬಣ್ಣ ಎಲ್ಲ ಕೇಳುತ್ತೇವೆ, ಇವನ್ನು ಮಾತ್ರ ಕೇಳುವುದಿಲ್ಲ.

ಮೊದಲು ಥರ್ಮೋಸ್ಟಾಟನ್ನೇ ನೋಡೋಣ. ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದರೆ ನೀರು ಕಾಯಿಸುವ ಎಲಿಮೆಂಟಿನ ಎರಡು ಟರ್ಮಿನಲ್ಲುಗಳ ಮಧ್ಯೆ ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಕಪ್ಪು ಡಬ್ಬಿ ಕಾಣುತ್ತದೆ. ಅದಕ್ಕೆ ಸೇರಿದ ಉದ್ದ ಕಡ್ಡಿ ಟ್ಯಾಂಕಿನೊಳಗಿನ ಒಂದು ಕೊಳವೆಯಲ್ಲಿ ಕೂತಿರುತ್ತದೆ. ಕಡ್ಡಿಯ ಹೊರಗವಚ ಹಿತ್ತಾಳೆ, ಒಳಗಿರುವುದು ಇನ್ವಾರ್ ಎಂಬ ನಿಕ್ಕಲ್ ಬೆರೆತ ಉಕ್ಕು. ಬಿಸಿ ಏರಿದಂತೆ ಹಿತ್ತಾಳೆ ಹಿಗ್ಗುತ್ತದೆ, ಇನ್ವಾರ್ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಕೂದಲೆಳೆಯಷ್ಟಿನ ಆ ವ್ಯತ್ಯಾಸವೇ ಸ್ವಿಚ್ಚಿನ ಕಾಂಟ್ಯಾಕ್ಟನ್ನು ಟಕ್ ಎಂದು ಬಿಡಿಸುತ್ತದೆ. ಇನ್ನು ಕೆಲವು ಮಾಡೆಲ್ಲುಗಳಲ್ಲಿ ಕಡ್ಡಿಯ ಬದಲು ದ್ರವ ತುಂಬಿದ ತೆಳ್ಳನೆ ಕ್ಯಾಪಿಲರಿ ಕೊಳವೆ ಇರುತ್ತದೆ. 60 ಡಿಗ್ರಿಗೆ ಇಟ್ಟರೆ 60ರ ಆಸುಪಾಸಿನಲ್ಲಿ ಆರುತ್ತದೆ, ಐದರಿಂದ ಹತ್ತು ಡಿಗ್ರಿ ಇಳಿದ ಮೇಲೆ ಮತ್ತೆ ಹತ್ತುತ್ತದೆ. ಈ ಅಂತರ ಬೇಕೇಬೇಕು. ಇಲ್ಲದಿದ್ದರೆ ಕಾಂಟ್ಯಾಕ್ಟ್ ನಿಮಿಷಕ್ಕೊಮ್ಮೆ ಕಿಡಿ ಹಾರಿಸಿ ಬೇಗ ಸುಟ್ಟುಹೋಗುತ್ತದೆ.

ಕಡ್ಡಿ ಇರುವುದು ಟ್ಯಾಂಕಿನ ಕೆಳಭಾಗದಲ್ಲಿ, ಬಿಸಿನೀರು ನಿಲ್ಲುವುದು ಮೇಲ್ಭಾಗದಲ್ಲಿ. ಅರ್ಧ ಚೊಂಬು, ಒಂದು ಚೊಂಬು ಎಂದು ಮತ್ತೆ ಮತ್ತೆ ನೀರು ಬಿಟ್ಟುಕೊಂಡರೆ ಪ್ರತಿ ಸಲವೂ ತಳಕ್ಕೆ ತಣ್ಣೀರು ಬರುತ್ತದೆ, ಕಡ್ಡಿ ತಣ್ಣಗಾಗಿ ಎಲಿಮೆಂಟ್ ಹತ್ತುತ್ತದೆ. ಅಷ್ಟರಲ್ಲಿ ಮೇಲಿನ ನೀರು ಇಟ್ಟ ಮಟ್ಟಕ್ಕಿಂತ ಹತ್ತು ಡಿಗ್ರಿ ಜಾಸ್ತಿಯೇ ಏರಿರಬಹುದು. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ನೆನಪಿಡಿ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನು ಸುಡಲು ಐದು ಸೆಕೆಂಡು ಸಾಕು. 50 ಡಿಗ್ರಿಯಾದರೆ ಕೆಲವು ನಿಮಿಷ ಬೇಕು.

ಹಾಗಾದರೆ ಗುಂಡಿಯನ್ನು 45ಕ್ಕೆ ಇಳಿಸಿ ಬಿಡುವುದೇ? ಬೇಡ. 25ರಿಂದ 45 ಡಿಗ್ರಿ ನಡುವೆ ನಿಂತ ನೀರು ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಒಗ್ಗುವ ಜಾಗ, 60ರಲ್ಲಿ ಅದು ಸಾಯುತ್ತದೆ. ಟ್ಯಾಂಕನ್ನು 60ರಲ್ಲಿಟ್ಟು ನಲ್ಲಿಯಲ್ಲಿ ತಣ್ಣೀರು ಬೆರೆಸುವುದೇ ಸರಿ. ಬಕೆಟ್ಟಿಗೆ ಯಾವಾಗಲೂ ತಣ್ಣೀರು ಮೊದಲು, ಬಿಸಿ ಆಮೇಲೆ.

ಈಗ ನಮ್ಮ ಊರಿನ ಲೆಕ್ಕ. ಚಳಿಗಾಲದಲ್ಲಿ ಮಾಡಿನ ಮೇಲಿನ ಟ್ಯಾಂಕಿನ ನೀರು 18 ಡಿಗ್ರಿ ಎಂದು ಇಟ್ಟುಕೊಳ್ಳಿ. 15 ಲೀಟರನ್ನು 60ಕ್ಕೆ ಏರಿಸಲು 0.73 ಯೂನಿಟ್ ಕರೆಂಟ್ ಬೇಕು. 2,000 ವಾಟ್ ಎಲಿಮೆಂಟಿಗೆ ಇದು 22 ನಿಮಿಷದ ಕೆಲಸ, 25 ಲೀಟರಾದರೆ 37 ನಿಮಿಷ. ಆದರೆ ಈ ಲೆಕ್ಕ 230 ವೋಲ್ಟ್ ಬಂದರೆ ಮಾತ್ರ. ತೋಟದೊಳಗೆ ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ಹೊತ್ತು 180ಕ್ಕೆ ಇಳಿಯುವುದುಂಟು. ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಶಕ್ತಿ ಇಳಿಯುವುದರಿಂದ 180ರಲ್ಲಿ ಅದೇ ಎಲಿಮೆಂಟ್ ಕೊಡುವುದು ಬರೀ 1,225 ವಾಟ್. 22 ನಿಮಿಷ 36 ಆಗುತ್ತದೆ. ಗೀಸರ್ ಕೆಟ್ಟಿದೆ ಎಂದು ಎಲಿಮೆಂಟ್ ಬದಲಾಯಿಸುವ ಮುಂಚೆ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಹಿಡಿದು ನೋಡಿ, ಅದೂ ಗೀಸರ್ ಓಡುತ್ತಿರುವಾಗಲೇ. ಸುಮ್ಮನಿದ್ದಾಗ 225 ತೋರಿಸಿ, ಲೋಡ್ ಬಿದ್ದ ಕೂಡಲೇ ಕುಸಿದರೆ ಎಲ್ಲೋ ವೈರ್ ಸಪೂರ ಇದೆ, ಇಲ್ಲವೇ ಜಾಯಿಂಟ್ ಸಡಿಲ ಇದೆ.

ಕಡಿಮೆ ವೋಲ್ಟೇಜ್ ಎಲಿಮೆಂಟಿಗೆ ಹಾನಿ ಮಾಡುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಹಾಗಾಗಿ ಗುಂಡಿ ತಿರುಗಿಸುವ ಸಾದಾ ಗೀಸರಿಗೆ ಸ್ಟೆಬಿಲೈಸರ್ ದುಡ್ಡು ದಂಡ. ಭಯಪಡಬೇಕಾದ್ದು ಹೆಚ್ಚು ವೋಲ್ಟೇಜಿಗೆ. ಸಿಲ್ವರ್ ಓಕ್ ಕೊಂಬೆ ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ಕಡಿದರೆ ಮನೆಗೆ 400 ವೋಲ್ಟಿನವರೆಗೂ ನುಗ್ಗಬಹುದು. ಆಗ 2,000 ವಾಟ್ ಎಲಿಮೆಂಟ್ 6,000 ವಾಟ್ ಎಳೆಯಲು ನೋಡುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆ ಇನ್ನೊಂದು ಕಾಟ. ಡಿಜಿಟಲ್ ಡಿಸ್‌ಪ್ಲೇ, ರಿಮೋಟ್, ವೈಫೈ ಇರುವ ಗೀಸರಿನಲ್ಲಿ ಬಿಸಿ ಅಳೆಯುವುದು ಸಣ್ಣ ಸೆನ್ಸರ್, ಆರಿಸುವುದು ಒಂದು ರಿಲೇ, ಎರಡನ್ನೂ ನಡೆಸುವುದು ಸರ್ಕ್ಯೂಟ್ ಬೋರ್ಡ್. ಮಿಂಚಿಗೆ ಮೊದಲು ಹೋಗುವುದು ಆ ಬೋರ್ಡೇ. ಕೊಡಗಿಗೆ, ಅದರಲ್ಲೂ ಒಂಟಿ ಮನೆಗಳಿಗೆ, ಕಡ್ಡಿ ಥರ್ಮೋಸ್ಟಾಟಿನ ಗುಂಡಿ ಗೀಸರೇ ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಡಿಜಿಟಲ್ಲೇ ಬೇಕೆಂದರೆ ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಯಾವುದೇ ಗೀಸರ್ ಆಗಲಿ, ಗುಡುಗು ಶುರುವಾದಾಗ ಲೈನ್, ನ್ಯೂಟ್ರಲ್ ಎರಡನ್ನೂ ಬಿಡಿಸುವ ಡಬಲ್ ಪೋಲ್ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಆರಿಸಿ.

3 ಲೀಟರಿನ ಇನ್‌ಸ್ಟಂಟ್ ಗೀಸರ್ ಬಗ್ಗೆ ಒಂದು ಮಾತು. ಅದರ 3,000 ವಾಟ್, ನಿಮಿಷಕ್ಕೆ 2 ಲೀಟರ್ ಹರಿಯುವ ನೀರನ್ನು ಏರಿಸುವುದು ಸುಮಾರು 21 ಡಿಗ್ರಿ. 15 ಡಿಗ್ರಿಯ ನೀರು 36 ಆಗುತ್ತದೆ. ವೋಲ್ಟೇಜ್ 190 ಇದ್ದರೆ 30 ಕೂಡ ದಾಟುವುದಿಲ್ಲ. ಅಡುಗೆಮನೆಗೆ ಸರಿ, ಸ್ನಾನಕ್ಕೆ ಅಲ್ಲ.

ಇನ್ನು ಕಟ್‌ಔಟ್. ಥರ್ಮೋಸ್ಟಾಟಿನ ಕಾಂಟ್ಯಾಕ್ಟುಗಳು ಕಿಡಿಯಿಂದ ಕರಗಿ ಅಂಟಿಕೊಂಡರೆ ಎಲಿಮೆಂಟ್ ಆರುವುದೇ ಇಲ್ಲ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿರುವ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ. ಆದರೆ ಗೀಸರಿನೊಳಗೆ ಮೇಲಿನ ಟ್ಯಾಂಕಿನ ಒತ್ತಡ ಇರುತ್ತದೆ. 5 ಮೀಟರ್ ಎತ್ತರದ ಟ್ಯಾಂಕಾದರೆ ಒಳಗಿನ ನೀರು 108 ಡಿಗ್ರಿಯವರೆಗೆ ಕುದಿಯದೆ ಸುಮ್ಮನಿರುತ್ತದೆ. ನಲ್ಲಿ ತಿರುಗಿಸಿದ ಕ್ಷಣ ಒತ್ತಡ ಬಿಡುಗಡೆಯಾಗಿ ಆ ನೀರಿನ ಒಂದು ಭಾಗ ಹಬೆಯಾಗಿ ಸಿಡಿಯುತ್ತದೆ. ಹಬೆಗೆ ಬೇಕಾದ ಜಾಗ ನೀರಿನ 1,600 ಪಟ್ಟಿಗಿಂತ ಹೆಚ್ಚು. ನಲ್ಲಿಯಿಂದ ಬುಸ್ ಬುಸ್ ಎಂದು ಹಬೆ, ನೀರು ಒಟ್ಟಿಗೆ ಉಗುಳಿದರೆ ನಲ್ಲಿಯ ಹತ್ತಿರ ನಿಲ್ಲಬೇಡಿ. ಹೊರಗೆ ಬಂದು ಮೇನ್ ಆರಿಸಿ, ತಣಿಯುವವರೆಗೆ ಮುಟ್ಟಬೇಡಿ.

ಅಲ್ಲಿಗೆ ಹೋಗದಂತೆ ತಡೆಯುವುದೇ ಕಟ್‌ಔಟ್. ಎರಡು ಲೋಹ ಬೆಸೆದ ನಾಣ್ಯದಷ್ಟಗಲದ ಒಂದು ಬಿಲ್ಲೆ ಒಳಗಿರುತ್ತದೆ, ನೀರು ಕುದಿಯುವ ಮೊದಲೇ ಅದು ತಟ್ಟನೆ ಮಗುಚಿ ಸರ್ಕ್ಯೂಟ್ ಕಡಿಯುತ್ತದೆ. ತಾನಾಗಿ ಮತ್ತೆ ಕೂಡುವುದಿಲ್ಲ, ನಡುವಿನ ಸಣ್ಣ ಗುಂಡಿಯನ್ನು ಕೈಯಿಂದ ಒತ್ತಬೇಕು. ಒಮ್ಮೆ ಒತ್ತಿ ನೋಡಬಹುದು. ಮತ್ತೆ ಬಿದ್ದರೆ ತಪ್ಪು ಕಟ್‌ಔಟಿನದ್ದಲ್ಲ, ಥರ್ಮೋಸ್ಟಾಟಿನದ್ದು. ಕಟ್‌ಔಟಿನ ಎರಡು ವೈರುಗಳನ್ನು ಸೇರಿಸಿ ಟೇಪ್ ಸುತ್ತಿ "ಸರಿ ಆಯ್ತು" ಎಂದು ಹೋಗುವ ರಿಪೇರಿ ಇದೆಯಲ್ಲ, ಅದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. ರಿಪೇರಿಯಾದ ಗೀಸರಿನ ಮುಚ್ಚಳ ಹಾಕುವ ಮುಂಚೆ ಈ ಜಾಗವನ್ನು ನೀವೇ ಕಣ್ಣಾರೆ ನೋಡಿ.

ಥರ್ಮೋಸ್ಟಾಟ್ ಸರಿ ಇದೆಯೇ ಎಂದು ಮನೆಯಲ್ಲೇ ತಿಳಿಯಬಹುದು. ಹೀಟಿಂಗ್ ದೀಪ ಆರಿದ ಕೂಡಲೇ ಅರ್ಧ ಲೀಟರ್ ನೀರು ಬಿಟ್ಟು, ನಂತರ ಒಂದು ಸ್ಟೀಲ್ ಲೋಟ ಹಿಡಿದು ಥರ್ಮಾಮೀಟರ್ ಇಡಿ. ಜ್ವರ ನೋಡುವುದು ಬೇಡ, ಹಾಲು ಕಾಯಿಸಲು ಬಳಸುವಂಥದ್ದು ಬೇಕು. ಇಟ್ಟ ಮಟ್ಟಕ್ಕಿಂತ 15 ಡಿಗ್ರಿ ಮೇಲಿದ್ದರೆ, ಅಥವಾ ಮುಕ್ಕಾಲು ಗಂಟೆಯಾದರೂ 15 ಲೀಟರಿನ ದೀಪ ಆರದಿದ್ದರೆ, ವೋಲ್ಟೇಜ್ ಸರಿಯಿದ್ದೂ ಹೀಗಾಗಿದ್ದರೆ, ಥರ್ಮೋಸ್ಟಾಟ್ ಬದಲಿಸಿ. ನೀರೇ ಕಾಯದಿದ್ದರೆ ಎಂಸಿಬಿ ಆರಿಸಿ, ಟೆಸ್ಟರಿನಿಂದ ಕರೆಂಟ್ ಇಲ್ಲ ಎಂದು ಖಾತ್ರಿ ಮಾಡಿ, ಮುಚ್ಚಳ ಬಿಚ್ಚಿ ವೈರುಗಳನ್ನು ಕಳಚಿ ಅಳೆಯಿರಿ. 2,000 ವಾಟ್ ಎಲಿಮೆಂಟ್ 26 ಓಮ್ ಸುಮಾರು ತೋರಿಸಬೇಕು, 3,000 ವಾಟಿನದು 17ರಿಂದ 18. ತಣ್ಣಗಿರುವಾಗ ಥರ್ಮೋಸ್ಟಾಟ್, ಕಟ್‌ಔಟ್ ಎರಡೂ ಸೊನ್ನೆ ಹತ್ತಿರ ಇರಬೇಕು.

ಇಲ್ಲಿ ಮಳೆಗಾಲದ ವಿಶೇಷ ರೋಗ ಒಂದಿದೆ: ಗೀಸರ್ ಹಾಕಿದ ಕೂಡಲೇ ಆರ್‌ಸಿಸಿಬಿ ಬೀಳುವುದು. ಎಲಿಮೆಂಟಿನ ಕೊಳವೆಯೊಳಗೆ ಸುರುಳಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತದೆ. ತುದಿಯ ಸೀಲ್ ಹಳತಾದರೆ ಆ ಪುಡಿ ಗಾಳಿಯ ತೇವ ಹೀರುತ್ತದೆ, ಕರೆಂಟ್ ಬಾಡಿಗೆ ಸೋರುತ್ತದೆ. ವಾರಗಟ್ಟಲೆ ಮುಚ್ಚಿಟ್ಟ ಹೋಂಸ್ಟೇ ಕೋಣೆಗಳಲ್ಲಿ ಇದು ಹೆಚ್ಚು. ಸಾದಾ ಮಲ್ಟಿಮೀಟರಿನಲ್ಲಿ ಸಿಕ್ಕುವುದಿಲ್ಲ, 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಬೇಕು. ಎಲಿಮೆಂಟಿನಿಂದ ಬಾಡಿಗೆ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲಿಮೆಂಟ್ ತೆಗೆದು ಹೊಸದು ಹಾಕಿಸಿ. ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಓಡಿಸುವ ಯೋಚನೆ ಬೇಡವೇ ಬೇಡ. ಬಚ್ಚಲಿಗೆ 30 ಮಿಲಿಆಂಪಿನದೇ ಬೇಕು, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡಬೇಕು. ಅರ್ಥ್ ಪಿಟ್ ಮಳೆಗಾಲದಲ್ಲಿ ಚೆನ್ನಾಗಿರುತ್ತದೆ, ಮಾರ್ಚ್ ತಿಂಗಳಲ್ಲಿ ಮಣ್ಣು ಒಣಗಿದಾಗ ಅದಕ್ಕೆ ನೀರು ಹಾಕಿ. ವೈರಿಂಗ್ 2.5 ಚದರ ಮಿಲಿಮೀಟರ್ ತಾಮ್ರ, 16 ಆಂಪ್ ಸಾಕೆಟ್, ಗೀಸರಿಗೇ ಪ್ರತ್ಯೇಕ ಲೈನ್. ಎಕ್ಸ್‌ಟೆನ್ಶನ್ ಬೋರ್ಡಿನಿಂದ ಎಂದಿಗೂ ಕೊಡಬೇಡಿ.

ನೀರು ಬಿಸಿಯಾದರೆ ಹಿಗ್ಗುತ್ತದೆ. 20ರಿಂದ 60 ಡಿಗ್ರಿಗೆ ಹೋಗುವಾಗ 25 ಲೀಟರ್ ನೀರು ಸುಮಾರು 380 ಮಿಲಿಲೀಟರ್ ಹೆಚ್ಚಾಗುತ್ತದೆ. ತಣ್ಣೀರಿನ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್ ಇದ್ದರೆ ಅದು ಹಿಂದೆ ಹೋಗುವಂತಿಲ್ಲ, ಆದ್ದರಿಂದ ಸೇಫ್ಟಿ ವಾಲ್ವಿನಿಂದ ಹನಿ ಹನಿಯಾಗಿ ಬೀಳುತ್ತದೆ. ಕಾಯುವಾಗ ಹನಿ ಬೀಳುವುದು ವಾಲ್ವ್ ಕೆಲಸ ಮಾಡುತ್ತಿರುವುದರ ಗುರುತು. ಬಚ್ಚಲು ಒದ್ದೆಯಾಗುತ್ತದೆಂದು ಅದಕ್ಕೆ ಬಿರಡೆ ಹಾಕಿದರೆ ಟ್ಯಾಂಕ್ ಬಿರಿಯುತ್ತದೆ. ಒಂದು ಸಣ್ಣ ಪೈಪ್ ಸಿಕ್ಕಿಸಿ ನೀರು ಹೋಗುವ ಮೋರಿಗೆ ಬಿಡಿ. ಗೀಸರಿಗೂ ಆ ವಾಲ್ವಿಗೂ ನಡುವೆ ಮುಚ್ಚುವ ನಲ್ಲಿ ಇರಲೇಬಾರದು.

ನಾನ್ ರಿಟರ್ನ್ ವಾಲ್ವ್ ನಮ್ಮಲ್ಲಿ ಏಕೆ ಮುಖ್ಯ ಎಂದರೆ, ಎರಡು ದಿನ ಕರೆಂಟ್ ಇಲ್ಲದೆ ಪಂಪ್ ಓಡದಿದ್ದರೆ ಮೇಲಿನ ಟ್ಯಾಂಕ್ ಬರಿದು. ಆಗ ಕೆಳಗಿನ ನಲ್ಲಿ ತೆರೆದರೆ ಗೀಸರಿನ ನೀರೂ ಅದೇ ತಣ್ಣೀರ ಪೈಪಿನಲ್ಲಿ ಹಿಂದಕ್ಕೆ ಇಳಿದು ಹೋಗುತ್ತದೆ. ಕರೆಂಟ್ ಬಂದಾಗ ಸ್ವಿಚ್ ಹಾಕಿಯೇ ಇದ್ದರೆ ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಉರಿದು ಬಿರಿಯುತ್ತದೆ. ಆದ್ದರಿಂದ ಕರೆಂಟ್ ಹೋದ ಕೂಡಲೇ ಗೀಸರ್ ಸ್ವಿಚ್ ಆರಿಸಿ. ಮತ್ತೆ ಹಾಕುವ ಮುಂಚೆ ಬಿಸಿನೀರಿನ ನಲ್ಲಿ ತೆರೆದು ಗಾಳಿ ಬಿಡದೆ ನೀರು ಒಂದೇ ಸಮ ಬರುತ್ತದೆಯೇ ನೋಡಿ. ಬಿಸಿನೀರಿನ ಪೈಪ್ ಬಿಸಿ ತಡೆಯುವ ಸಿಪಿವಿಸಿ ಪ್ಲಾಸ್ಟಿಕ್ಕಿನದ್ದೇ ಇರಲಿ, ತಣ್ಣೀರಿನ ಬಿಳಿ ಪಿವಿಸಿ 60 ಡಿಗ್ರಿಗೇ ಮೆತ್ತಗಾಗುತ್ತದೆ.

ಬಯಲುಸೀಮೆಯಲ್ಲಿ ಗೀಸರ್ ಕೆಡುವುದು ಸುಣ್ಣ ಕಟ್ಟಿ. ನಮ್ಮ ಬಾವಿ, ತೋಡಿನ ನೀರು ಮೆದು, ಸುಣ್ಣ ಕಡಿಮೆ. ಆದರೆ ಸ್ವಲ್ಪ ಹುಳಿ ಗುಣದ ಮೆದು ನೀರು ಲೋಹವನ್ನು ತಿನ್ನುತ್ತದೆ. ತುಕ್ಕು ಟ್ಯಾಂಕಿಗೆ ಹಿಡಿಯದೆ ತನಗೆ ಹಿಡಿಯಲಿ ಎಂದು ಒಳಗೆ ಇಟ್ಟಿರುವುದೇ ಮೆಗ್ನೀಸಿಯಂ ಆನೋಡ್ ಕಡ್ಡಿ. ವರ್ಷಕ್ಕೊಮ್ಮೆ, ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಬಿಟ್ಟ ಮೇಲೆ, ಟ್ಯಾಂಕ್ ಬಸಿದು ಫ್ಲೇಂಜ್ (ಎಲಿಮೆಂಟ್ ಕೂತಿರುವ ತಳದ ತಟ್ಟೆ) ಬಿಚ್ಚಿ ನೋಡಿ. ತಳದಲ್ಲಿ ಕೆಂಪು ಕೆಸರು ಇದ್ದರೆ ತೊಳೆಯಿರಿ. ಆನೋಡ್ ಅರ್ಧಕ್ಕಿಂತ ಸವೆದಿದ್ದರೆ ಅಥವಾ ನಡುವಿನ ತಂತಿ ಕಾಣುತ್ತಿದ್ದರೆ ಹೊಸದು ಹಾಕಿ. ಮುಚ್ಚುವಾಗ ಹಳೆ ಗ್ಯಾಸ್ಕೆಟ್ ಬೇಡ, ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಬಹಳ ದಿನ ಬಳಸದ ಗೀಸರಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂದರೆ ಹೆದರಬೇಡಿ, ನಿಂತ ನೀರಿನ ಬ್ಯಾಕ್ಟೀರಿಯಾ ಮತ್ತು ಆನೋಡ್ ಸೇರಿ ಹೀಗಾಗುತ್ತದೆ. ಪೂರ್ತಿ ಬಸಿದು, ಹೊಸ ನೀರು ತುಂಬಿ, 70 ಡಿಗ್ರಿಗೆ ಒಂದು ಸಲ ಕಾಯಿಸಿ ಚೆಲ್ಲಿದರೆ ಹೋಗುತ್ತದೆ.

ಇಡೀ ದಿನ ಹಾಕಿಟ್ಟರೆ ಎಷ್ಟು ಖರ್ಚು? ಒಂದು ದಿನ ಯಾರೂ ಬಿಸಿನೀರು ಮುಟ್ಟದೆ ದೀಪ ಎಷ್ಟು ಸಲ, ಎಷ್ಟು ಹೊತ್ತು ಹತ್ತುತ್ತದೆ ಎಂದು ಬರೆದಿಡಿ. ನಾಲ್ಕು ಗಂಟೆಗೊಮ್ಮೆ 6 ನಿಮಿಷ ಹತ್ತಿದರೆ ದಿನಕ್ಕೆ 36 ನಿಮಿಷ, 2,000 ವಾಟಿಗೆ 1.2 ಯೂನಿಟ್. 15 ಲೀಟರ್ ತಣ್ಣೀರನ್ನು ಹೊಸದಾಗಿ ಕಾಯಿಸಲು ಬೇಕಾದದ್ದು 0.73. ಬೆಳಗ್ಗೆ ಮಾತ್ರ ಸ್ನಾನದ ಮನೆಯಾದರೆ ಅರ್ಧ ಗಂಟೆ ಮುಂಚೆ ಹಾಕಿ ಆರಿಸುವುದೇ ಲಾಭ. ಕೊಳ್ಳುವಾಗ ಐಎಸ್ 2082 ಸಂಖ್ಯೆಯ ಐಎಸ್ಐ ಗುರುತು ನೋಡಿ. ಸ್ಟಾರ್ ಲೇಬಲ್ ಹೇಳುವುದು ಈ ಸುಮ್ಮನಿದ್ದಾಗಿನ ನಷ್ಟವನ್ನೇ, ನೀರು ಬೇಗ ಕಾಯುತ್ತದೆ ಎಂದಲ್ಲ.

ಮಳೆಗಾಲಕ್ಕೆ ಮುಂಚೆ ನಿಮ್ಮ ಮಾಡೆಲ್ಲಿಗೆ ಸರಿಹೊಂದುವ ಒಂದು ಥರ್ಮೋಸ್ಟಾಟ್, ಒಂದು ಕಟ್‌ಔಟ್, ಒಂದು ಗ್ಯಾಸ್ಕೆಟ್ ತಂದು ಕಪಾಟಿನಲ್ಲಿ ಇಟ್ಟುಕೊಳ್ಳಿ. ಕಡ್ಡಿಯ ಉದ್ದ ಮಾಡೆಲ್ಲಿನಿಂದ ಮಾಡೆಲ್ಲಿಗೆ ಬೇರೆ, ಹಳೆಯದನ್ನು ಅಳೆದೇ ತನ್ನಿ. ಹೊಳೆ ಉಕ್ಕಿ ರಸ್ತೆ ಮುಳುಗಿದ ವಾರದಲ್ಲಿ ಮಡಿಕೇರಿಯ ಅಂಗಡಿಗೂ ಹೋಗಲಾಗುವುದಿಲ್ಲ, ಎಲೆಕ್ಟ್ರಿಷಿಯನ್ನೂ ಬರುವುದಿಲ್ಲ. ವೈರ್ ಸೇರಿಸಿ ಟೇಪ್ ಸುತ್ತುವ ಆಸೆ ಹುಟ್ಟುವುದು ಅಂಥ ವಾರದಲ್ಲೇ.